ಟೆಲ್ ಅಂದರೆ ಹೇಳುವುದು

ಮಾರ್ಚ್ ೧೨, ಮಂಗಳವಾರ

ಇವತ್ತು ನನ್ನ ಒಂದು ಮಾತಿನಿಂದ ಮುದುಕರೊಬ್ಬರು ಲಾಕಪ್ಪಿಗೆ ಹೋದರು. ಹೊಡೆದವನು ಈ ಅವಳಿಗಳಲ್ಲಿ ಯಾರು ಎಂದು ವಕೀಲರು ಕೇಳಿದಾಗ, ಸಾಕ್ಷಿಗೆ ಬಂದಿದ್ದ, ಕನ್ನಡ ಬಾರದ ಆ ಮುದಿ ಕಾವಲುಗಾರರು ನನಗಷ್ಟೇ ಕೇಳುವಂತೆ ಇಂಗ್ಲಿಷಿನಲ್ಲಿ "ಐ ಕಾಂಟ್ ಟೆಲ್" ಎಂದರು. ಗುರುತು ಸಿಗುತ್ತಿಲ್ಲ ಎಂದು ಅದರ ಅರ್ಥ. ಕೋರ್ಟಿನ ದುಭಾಷಿ ನಾನು, "ಹೇಳಲ್ಲ ಅಂತಿದಾರೆ ಸ್ವಾಮಿ" ಎಂದುಬಿಟ್ಟೆ. ನ್ಯಾಯಾಧೀಶರು ಕೆಂಡವಾದರು.

ಮಧ್ಯಾಹ್ನ ಕೈ ತೊಳೆಯುವಾಗ ತಪ್ಪು ಹೊಳೆಯಿತು. ಓಡಿಹೋಗಿ ನ್ಯಾಯಾಧೀಶರ ಮುಂದೆ ಒಪ್ಪಿಕೊಂಡೆ. ಸಂಜೆ ಅವರನ್ನು ಬಿಟ್ಟರು.

"ನಮ್ಮಪ್ಪ ಏನ್ ಮಾಡಿದ್ರು ಅಂತ ಒಳಗೆ ಹಾಕಿದ್ರಿ?" ಎಂದು ಇಲ್ಲೇ ಬೆಳೆದ ಅವರ ಮಗಳು ಕೇಳಿದಳು.

"ತಪ್ಪು ನಂದಮ್ಮ."

ಮುದುಕರು ನನ್ನ ಭುಜ ತಟ್ಟಿ ಹೋದರು. ನಾಚಿಕೆಯಾಗಬೇಕಿತ್ತು, ಅಳುವಾದರೂ ಬರಬೇಕಿತ್ತು. ಏನೂ ಆಗಲಿಲ್ಲ, ಈಗಲೂ ಇಲ್ಲ. ಇಪ್ಪತ್ತು ವರ್ಷ ಬೇರೆಯವರ ಮಾತನ್ನೇ ಆಡಿ ಆಡಿ ನನ್ನೊಳಗೆ ನನ್ನದು ಅನ್ನುವಂಥದ್ದು ಏನೂ ಉಳಿದಿಲ್ಲವೇನೋ.