ಒರೆಸದೆ ಬಿಟ್ಟ ಗೇಣು

ಹರಿಹರ, ಮೆಟ್ಟಿಲುಪೇಟೆ, ಹನ್ನೊಂದನೆಯ ಮೆಟ್ಟಿಲು.
ಹೊಸ ಎಣಿಕೆಯ ನೂರ ಹದಿನಾಲ್ಕನೆಯ ವರ್ಷ, ಗಾಳಿ ತಿಂಗಳ ಮೂವತ್ತೇಳನೆಯ ತಾರೀಖು, ಮಧ್ಯಾಹ್ನದ ಊಟವಾದ ಮೇಲೆ.

ದ್ಯಾಮಜ್ಜಿಗೆ, ನಿನ್ನ ಮೊಮ್ಮಗಳ ಮೊಮ್ಮಗಳ ಮಗಳು ತುಂಗವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ತಲೆಕೆಟ್ಟವರು ಬರೆದಿದ್ದಾರೆ ಎಂದುಕೊಳ್ಳಬೇಡ. ನಮ್ಮ ತಿಂಗಳಿಗೆ ನಲವತ್ತು ದಿನ, ಅಷ್ಟೇ. ಜೋಳದ ಹಿಟ್ಟಿನ ಡಬ್ಬಿಯೊಳಗೆ ಈ ಕಾಗದ ಹೇಗೆ ಬಂತು ಎಂದು ಹೆದರಲೂಬೇಡ. ನಿನ್ನ ಹೊರತು ಬೇರೆ ಯಾರೂ ಕೈ ಹಾಕದ ಜಾಗ ಯಾವುದು ಎಂದು ಇದನ್ನು ತಲುಪಿಸುವ ಓಲೆಮನೆಯವರು ಕೇಳಿದರು. ನನಗೆ ಹೊಳೆದದ್ದು ಅದೊಂದೇ. ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸು. ನಿನಗೆ ಗೊತ್ತಿರುವ ಕನ್ನಡದಲ್ಲಿ ಬರೆಯಬೇಕೆಂದು ಊಟವಾದಾಗಿನಿಂದ ತಿಣುಕಾಡುತ್ತಿದ್ದೇನೆ. ಇನ್ನೊಂದು ಫಜೀತಿ ಎಂದರೆ ನಿನಗೆ ಈಗ ಮೂವತ್ತನಾಲ್ಕು, ನನಗೆ ನಲವತ್ತೊಂದು. ನನಗಿಂತ ಏಳು ವರ್ಷ ಚಿಕ್ಕವಳನ್ನು ಅಜ್ಜಿ ಎನ್ನುವಾಗ ನಗು ಬರುತ್ತದೆ, ಆದರೆ ಬೇರೆ ಹೇಗೆ ಕರೆಯಲಿ. ನನ್ನ ಹೆಸರು ಹಳೆಯ ಕಾಲದ್ದು ಎನಿಸಿದರೆ ತಿಳಿದುಕೋ, ಈಗ ಅದೇ ಹೊಸ ಫ್ಯಾಷನ್ನು. ನಿಮ್ಮ ಕಾಲದ ಎರಡಕ್ಷರದ ಸ್ಟೈಲಿನ ಹೆಸರುಗಳನ್ನು ಈಗ ಯಾರೂ ಇಡುವುದಿಲ್ಲ.

ಇದನ್ನು ನಾವು ಹಿಂದೋಲೆ ಎನ್ನುತ್ತೇವೆ. ಹಿಂದಿನವರಿಗೆ ಬರೆಯುವ ಓಲೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ನಿಮ್ಮ ಕಾಲದ ಸಾವು, ಬೆಲೆ, ಗೆಲುವು, ಸೋಲು ಈ ನಾಲ್ಕನ್ನು ಬರೆಯುವ ಹಾಗಿಲ್ಲ. ಬರೆದರೆ ಓಲೆಮನೆಯವರು ಆ ಸಾಲಿನ ಮೇಲೆ ಮಸಿ ಬಳಿದು ಕಳಿಸುತ್ತಾರೆ. ಜನ ಈ ಓಲೆಯನ್ನು ಮುದಿತನಕ್ಕೆಂದು ಕಾದಿಡುತ್ತಾರೆ. ನನಗೆ ಅಷ್ಟು ತಾಳ್ಮೆ ಎಲ್ಲಿದೆ? ನಾಳೆ ಬೆಳಗ್ಗೆ ಊರಸಭೆಯ ಮುಂದೆ ನಿಂತು, ನಾನು ಯಾವ ಬಗೆಯ ಸ್ವಚ್ಛತೆಯ ಉದ್ಯೋಗ ಶುರು ಮಾಡುತ್ತೇನೆ ಎಂದು ಹೇಳಬೇಕು. ಇವತ್ತು ನನ್ನ ಎದೆ ಹೇಗೆ ಹಾರುತ್ತಿದೆ ಎಂದು ನಿನ್ನ ಹೊರತು ಯಾರಿಗೆ ಹೇಳಲಿ?

ನೀನೂ ಈಗ ಅದೇ ಯೋಚನೆಯಲ್ಲಿ ಕೂತಿದ್ದೀಯ. ಇನ್ನೊಬ್ಬರ ಹೆಸರು ಬರೆದ ಅಂಗಿ ತೊಟ್ಟು ಆಸ್ಪತ್ರೆಯ ನೆಲ ಒರೆಸಿದ್ದು ಸಾಕು, ಇನ್ನು ಮುಂದೆ ನನ್ನದೇ ಏನಾದರೂ ಮಾಡುತ್ತೇನೆ ಎಂದು ಕೆಲಸ ಬಿಟ್ಟು ಎಂಟು ದಿನವಾಗಿದೆ. ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಪಟ್ಟಿ ಮಾಡಿದ್ದೀಯ. ಆ ಹಾಳೆ ಈಗ ನನ್ನ ಮುಂದಿದೆ. ಹಿಂಬದಿಯಲ್ಲಿ ಎಂಟರ ಮಗ್ಗಿ, ಎಂಟೇಳಲಿ ಐವತ್ನಾಲ್ಕು ಎಂದು ತಪ್ಪಾಗಿ ಬರೆದಿದ್ದಾಳೆ ನಿನ್ನ ಮಗಳು. ಮುಂಬದಿಯಲ್ಲಿ ನಿನ್ನ ಅಕ್ಷರ. ಮನೆ ಕ್ಲೀನಿಂಗ್, ಬಕೆಟ್ಟು ಮಾಪು ಇದ್ದರೆ ಸಾಕು, ಆದರೆ ಮನೆಯೊಡತಿಯರ ಬಾಯಿ ಯಾರು ತಡೆಯಬೇಕು. ನೀರಿನ ಟ್ಯಾಂಕು, ಸಂಪು, ಒಳಗೆ ಇಳಿಯುವವರು ಯಾರು, ನಾನೇ. ಸೋಫಾ ಕಾರ್ಪೆಟ್ಟು, ಮಿಷನ್ನು ಬೇಕು, ನಮ್ಮೂರಲ್ಲಿ ಕಾರ್ಪೆಟ್ಟು ಎಷ್ಟು ಮನೆಯಲ್ಲಿದೆ. ಕಲ್ಯಾಣ ಮಂಟಪ, ಮುಹೂರ್ತವಿಲ್ಲದ ತಿಂಗಳಲ್ಲಿ ಏನು ಮಾಡಲಿ. ಗೃಹಪ್ರವೇಶಕ್ಕೆ ಮುಂಚೆ ಹೊಸ ಮನೆ, ಪೇಂಟಿನ ಕಲೆ ಸಿಮೆಂಟಿನ ಕಲೆ, ಉಗುರು ಸವೆದು ಹೋಗುತ್ತದೆ. ಎಲ್ಲದರ ಕೆಳಗೆ, ಇದಕ್ಕೆ ಸಂಬಂಧವೇ ಇಲ್ಲದ ಆರನೆಯ ಸಾಲು: ಎಡಗಾಲಿನ ಚಪ್ಪಲಿ ಹೊಲಿಸಬೇಕು.

ಐದರಲ್ಲಿ ನಾಲ್ಕಕ್ಕೆ ನೀನು ಗೀಟು ಎಳೆದಿದ್ದೀಯ, ಅಥವಾ ಎಳೆಯಲಿದ್ದೀಯ. ಉಳಿದದ್ದು ಯಾವುದು ಎಂದು ನನಗೆ ಗೊತ್ತು. ಹೇಳಿದರೆ ಮಸಿ ಬೀಳುತ್ತದೆ, ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ.

ನಮ್ಮ ಕಾಲದಲ್ಲೂ ಕೈಯಲ್ಲಿ ಪೊರಕೆ ಹಿಡಿಯುವವರು ಇದ್ದಾರೆಯೇ ಎಂದು ನೀನು ಕೇಳಬಹುದು. ನಡುವೆ ಇರಲಿಲ್ಲ. ನನ್ನ ಅಮ್ಮನ ಬಾಲ್ಯದಲ್ಲಿ ಮನೆಮನೆಗೂ ಗುಬ್ಬಿಪೊರಕೆ ಬಂದಿತ್ತು. ಮುಷ್ಟಿಯಷ್ಟು ದೊಡ್ಡ ಯಂತ್ರ, ನೆಲ, ಗೋಡೆ, ಅಟ್ಟ ಎಲ್ಲ ಕಡೆ ಹರಿದಾಡಿ ಧೂಳು ತಿನ್ನುತ್ತಿತ್ತು. ಜನ ಕುಣಿದಾಡಿದರು. ಆಮೇಲೆ ಶುರುವಾಯಿತು ನೋಡು. ಬೆಳಗ್ಗೆ ಹಾಕಿದ ರಂಗೋಲಿ ಕಾಫಿ ಕುಡಿದು ಬರುವಷ್ಟರಲ್ಲಿ ಮಾಯ. ಹೊಸಿಲಿನ ಅರಿಸಿನ ಕುಂಕುಮ ಮಾಯ. ಮಕ್ಕಳ ಎತ್ತರ ಗುರುತು ಹಾಕಿದ ಬಾಗಿಲ ಚೌಕಟ್ಟಿನ ಗೀಟುಗಳೂ ಮಾಯ. ಯಾವುದು ಕೊಳೆ, ಯಾವುದು ಅಲ್ಲ ಎಂದು ಅದಕ್ಕೆ ಕಲಿಸಲು ದೊಡ್ಡ ದೊಡ್ಡವರು ಹೆಣಗಾಡಿ ಸೋತರು. ಕೊನೆಗೆ ಹೆಂಗಸರು ಗುಬ್ಬಿಪೊರಕೆಗಳನ್ನು ಮೊರದಲ್ಲಿ ತುಂಬಿ ಬೀದಿಗೆ ಸುರಿದರಂತೆ. ಅಂದಿನಿಂದ ನಮ್ಮಂಥವರಿಗೆ ಮತ್ತೆ ಬೆಲೆ ಬಂತು. ಈಗ ಇಲ್ಲಿ ಮದುವೆಗೆ ಹೆಣ್ಣು ನೋಡಲು ಬಂದವರು, ನಿಮ್ಮ ಮನೆಯಲ್ಲಿ ಯಾರಾದರೂ ಸ್ವಚ್ಛತೆಯವರು ಇದ್ದಾರೆಯೇ ಎಂದು ಆಸೆಯಿಂದ ಕೇಳುತ್ತಾರೆ. ನಂಬು, ಸುಳ್ಳಲ್ಲ.

ಈ ಉದ್ಯೋಗದಲ್ಲಿ ನಮಗೆ ಮೂರು ದಾರಿಗಳಿವೆ. ಒಂದು ಬಿಸಿಲುಗಾಜು. ನದಿಯ ದಡದಿಂದ ಗುಡ್ಡದ ತನಕ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಊರಿಗೆಲ್ಲ ಗಾಜಿನ ಸೂರು, ಅಡುಗೆಯ ಬೆಂಕಿಯೂ ದೀಪವೂ ಅದರಿಂದಲೇ. ಧೂಳು ಕೂತರೆ ಅನ್ನ ಬೇಯುವುದಿಲ್ಲ. ಎರಡನೆಯದು ಗಾಳಿಬಾವಿ, ಎಂದರೆ ಮನೆ ತಂಪಾಗಿಡಲು ಸೂರಿನಿಂದ ನೆಲದಡಿಯವರೆಗೆ ಇಳಿಸಿದ ಕೊಳವೆ. ಪಾರಿವಾಳದ ಗೂಡು, ಜೇಡರ ಬಲೆ ಎಲ್ಲ ಅದರೊಳಗೆ. ಮೂರನೆಯದು ತೆರವುಮನೆ. ಒಬ್ಬರು ಬಿಟ್ಟುಹೋದ ಮನೆಯನ್ನು ಮುಂದೆ ಬರುವವರಿಗಾಗಿ ಅಣಿ ಮಾಡುವುದು. ಒಮ್ಮೆ ಒಂದನ್ನು ಆರಿಸಿದರೆ ಹನ್ನೆರಡು ವರ್ಷ ಬದಲಿಸುವ ಹಾಗಿಲ್ಲ. ಅದಕ್ಕೆ ಮೊದಲು ಮೂರರಲ್ಲೂ ಒಂದೊಂದು ಕೈತೋರಿಕೆ ಮಾಡಬೇಕು, ಅಂದರೆ ಬಿಟ್ಟಿಯಾಗಿ ಮಾಡಿ ತೋರಿಸುವ ಕೆಲಸ. ಮೂರು ಕಡೆಯ ಮನೆಯವರೂ ಒಪ್ಪಿಗೆ ಚೀಟಿಗೆ ಹೆಬ್ಬೆರಳು ಒತ್ತಬೇಕು. ಒಬ್ಬರು ಒತ್ತದಿದ್ದರೂ ಮತ್ತೆ ಮೂರು ವರ್ಷ ಸಭೆಯ ಮುಂದೆ ನಿಲ್ಲುವಂತಿಲ್ಲ.

ನನ್ನ ಜೊತೆಗಾತಿ ಜಬೀನಾ. ಚಿಕ್ಕಂದಿನ ಗೆಳತಿ, ಎತ್ತರಕ್ಕೆ ಅಂಜದವಳು. ಅವಳದು ಮೊದಲಿನಿಂದ ಒಂದೇ ಹಟ, ಬಿಸಿಲುಗಾಜು. ಅದರ ಕೈತೋರಿಕೆಯ ದಿನ ಸೂರಿನ ಮೇಲೆ ಕೂತು, "ಅಕ್ಕಾ, ಇದನ್ನ ಒರೆಸಿದ್ರೆ ಆಕಾಶ ಕಾಣ್ತೈತಿ. ಖಾಲಿ ಮನಿ ಒರೆಸಿದ್ರೆ ಏನು ಕಾಣ್ತೈತಿ ಹೇಳು," ಎಂದಳು. ನಾನೂ ಹೌದೆಂದು ತಲೆಯಾಡಿಸಿ ಗಾಜು ಒರೆಸಿದೆ. ಗಾಳಿಬಾವಿಯಲ್ಲಿ ನಾನು ಸೀನಿದ ಸೀನಿಗೆ ಪಾರಿವಾಳಗಳೆಲ್ಲ ಹಾರಿಹೋದವು, ಚೀಟಿಗೆ ಹೆಬ್ಬೆರಳೇನೋ ಬಿತ್ತು, ಆದರೆ ಆ ದಾರಿಯನ್ನು ಅಲ್ಲಿಗೇ ಕೈಬಿಟ್ಟೆವು. ಹಾಗಾಗಿ ಇವತ್ತು ಬೆಳಗ್ಗೆ ತೆರವುಮನೆಯ ಕೈತೋರಿಕೆಗೆ ಹೋದಾಗ, ಶಾಸ್ತ್ರಕ್ಕೊಂದು ಚೀಟಿ ತೆಗೆದುಕೊಂಡರಾಯಿತು, ನಾಳೆ ಗಾಜು ಎಂದರಾಯಿತು ಎಂದೇ ಇಬ್ಬರೂ ಅಂದುಕೊಂಡಿದ್ದೆವು.

ಇಲ್ಲಿ ನಿನಗೆ ಬಿಟ್ಟ ಗೇಣಿನ ವಿಷಯ ಹೇಳಬೇಕು. ನಮ್ಮಲ್ಲಿ ಯಾರು ಏನನ್ನೇ ತೊಳೆಯಲಿ, ಒಂದು ಗೇಣು ಜಾಗವನ್ನು ಹಾಗೇ ಬಿಡುತ್ತಾರೆ. ಮೊದಲು ಹೇಗಿತ್ತು, ಈಗ ಹೇಗಾಯಿತು ಎಂಬುದಕ್ಕೆ ಅದು ಸಾಕ್ಷಿ. ಆಮೇಲೆ ಅದನ್ನು ಒರೆಸುವುದೋ ಬಿಡುವುದೋ ಮನೆಯವರ ಇಷ್ಟ. ಕೆಲಸ ಶುರು ಮಾಡುವ ಮೊದಲು "ಕೈ ಇಡಿ" ಎಂದು ಕೇಳಬೇಕು, ಮನೆಯವರು ಕೈ ಇಟ್ಟ ಕಡೆ ಬಿಡಬೇಕು, ಅದು ಹಳೆಯ ಪದ್ಧತಿ. ಈಗ ಯಾರಿಗೆ ಪುರಸೊತ್ತಿದೆ? ಯಾರನ್ನೂ ಕೇಳದೆ ಬಾಗಿಲ ಹಿಂದೆ, ಯಾರಿಗೂ ಕಾಣದ ಕಡೆ ಒಂದು ಗೇಣು ಬಿಟ್ಟು ಕೈ ತೊಳೆದುಕೊಳ್ಳುತ್ತೇವೆ. ನಾನೂ ಅದನ್ನೇ ಮಾಡಿದೆ.

ಮನೆ ಹಾಲಮ್ಮನವರದು. ಮೊಣಕಾಲಿಗೆ ಮೆಟ್ಟಿಲು ಒಗ್ಗುವುದಿಲ್ಲ ಎಂದು ಕೆಳಗಿನ ಮೆಟ್ಟಿಲಿನಲ್ಲಿರುವ ತಂಗಿಯ ಮನೆಗೆ ಹೊರಟಿದ್ದಾರೆ. ಅವರ ಯಜಮಾನರು ಕೊಟ್ರಪ್ಪನವರು ತೀರಿಕೊಂಡು ಒಂದು ವರ್ಷವಾಗಿದೆ. ನಾವಿಬ್ಬರೂ ಸೆರಗು ಬಿಗಿದು ಇಳಿದೆವು ನೋಡು, ಅಂಟುವಾಳದ ನೊರೆಗೆ ಗೋಡೆ ಎಂಬುದು ಹಾಲಿನ ಕೆನೆಯ ಹಾಗಾಯಿತು. ಕಿಟಕಿಯ ಪಕ್ಕದ ಗೋಡೆಯಲ್ಲಿ ತಲೆಯಷ್ಟು ದೊಡ್ಡ ಎಣ್ಣೆಯ ಕಲೆ ಇತ್ತು, ಜಿಗುಟು ಕಲೆ. ನಾನು ಹಟ ಹಿಡಿದು ಮೂರು ಸಲ ಉಜ್ಜಿ ತೆಗೆದೆ. ತೆಗೆದು ಜಬೀನಾಗೆ ತೋರಿಸಿ ಬೀಗಿದೆ ಬೇರೆ.

ಹಾಲಮ್ಮನವರು ಬಂದರು. ನೆಲ ನೋಡಲಿಲ್ಲ, ಅಡುಗೆಮನೆ ನೋಡಲಿಲ್ಲ. ನೇರವಾಗಿ ಕಿಟಕಿಯ ಬಳಿ ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟರು. "ಇಲ್ಲಿ ನಮ್ಮ ಯಜಮಾನ್ರ ತಲಿ ಇರ್ತಿತ್ತಲ್ಲವ್ವ," ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಲೆಗೆ ಎಣ್ಣೆ ಹಚ್ಚಿಕೊಂಡು ಸಂಜೆಯೆಲ್ಲ ಅಲ್ಲಿ ಒರಗಿ ನದಿ ನೋಡುತ್ತಿದ್ದರಂತೆ. ನಲವತ್ತು ವರ್ಷದ ಕಲೆ ಅಜ್ಜಿ ಅದು, ನಾನು ಹೆಮ್ಮೆಯಿಂದ ಬಕೆಟ್ಟಿಗೆ ಹಿಂಡಿದ್ದೆ. ಒಪ್ಪಿಗೆ ಚೀಟಿ ನನ್ನ ಸೊಂಟದಲ್ಲಿತ್ತು. ಅದನ್ನು ಹೊರಗೆ ತೆಗೆಯಲು ಕೈ ಬರಲಿಲ್ಲ. ಚೀಟಿಯೂ ಹೋಯಿತು, ಮೂರು ವರ್ಷವೂ ಹೋಯಿತು ಎಂಬುದಕ್ಕಿಂತ ಆ ಹೆಂಗಸಿನ ಅಂಗೈ ನೋಡಲಾಗದೆ ತಲೆ ತಗ್ಗಿಸಿದೆ.

"ಗೇಣು ಎಲ್ಲಿ ಬಿಟ್ಟೀರಿ?" ಎಂದು ಕೇಳಿದರು. ಬಾಗಿಲ ಹಿಂದೆ ಎನ್ನಲು ನಾಚಿಕೆಯಾಯಿತು. ಜಬೀನಾ ಬಾಗಿಲು ಸರಿಸಿದಳು. ಹಾಲಮ್ಮ ಬಗ್ಗಿ ನೋಡಿದರು. ಮತ್ತೂ ಬಗ್ಗಿದರು. ನಾವು ಒರೆಸದೆ ಬಿಟ್ಟ ಆ ಒಂದು ಗೇಣಿನಲ್ಲಿ ಬಿಳಿಯ ಗೀಟುಗಳಿದ್ದವು, ಸುಣ್ಣದ ಬೆರಳಿನ ಗೀಟುಗಳು. ಒಂದರ ಮೇಲೊಂದು, ಹೊಸದು ಹಳೆಯದು, ನೂರಾರು.

ಹಾಲಮ್ಮ ನಗತೊಡಗಿದರು. "ಕಳ್ಳ ನನ್ಮಗ! ಎಲೆ ಹಾಕ್ಕೊಂಡು ಗೋಡೆಗೆ ಬೆರಳು ಒರೆಸಬ್ಯಾಡ್ರಿ ಅಂತ ನಲವತ್ತು ವರ್ಷ ಬಡ್ಕೊಂಡೀನಿ. ಬಿಟ್ಟೀನಿ ಬಿಟ್ಟೀನಿ ಅಂತಿದ್ರು. ಇಲ್ಲಿ ಬಂದು ಒರೆಸ್ತಿದ್ರೇನು!" ಎಂದು ನಗುತ್ತ ನಗುತ್ತ ಅತ್ತರು. ಅಳುತ್ತಲೇ, ಕರೆದೊಯ್ಯಲು ಬಂದು ಹೊರಗೆ ನಿಂತಿದ್ದ ತಂಗಿಯನ್ನು ಕೂಗಿ ಕರೆದು ತೋರಿಸಿದರು. ಕೊನೆಗೆ ನನ್ನ ಸೊಂಟದಿಂದ ಚೀಟಿಯನ್ನು ತಾವೇ ಎಳೆದುಕೊಂಡು ಹೆಬ್ಬೆರಳು ಒತ್ತಿ, "ಮುಂದೆ ಬರೋರಿಗೆ ಹೇಳ್ತೀನಿ, ಇಷ್ಟು ಮಾತ್ರ ಒರೆಸಬ್ಯಾಡ್ರಿ ಅಂತ. ನೀನು ಮಾತ್ರ ಇನ್ನೊಂದು ಮನೀಗೆ ಹೋದ್ರೆ ಮೊದಲು ಕೇಳವ್ವ," ಎಂದರು.

ಅಲ್ಲೇ, ಆ ಬಾಗಿಲ ಹಿಂದೆಯೇ ನನ್ನ ತೀರ್ಮಾನವಾಯಿತು. ತೆರವುಮನೆ. ಕೇಳಿ ತೊಳೆಯುವುದು, "ಕೈ ಇಡಿ" ಎನ್ನದೆ ಒಂದು ಹನಿ ನೀರು ಚೆಲ್ಲದಿರುವುದು. ಹನ್ನೆರಡು ವರ್ಷವಲ್ಲ, ಇಪ್ಪತ್ತನಾಲ್ಕು ವರ್ಷ ಕೊಟ್ಟರೂ ಸೈ. ಮೆಟ್ಟಿಲು ಇಳಿಯುವಾಗ ಜಬೀನಾಗೆ ಹೇಗೆ ಹೇಳುವುದೆಂದು ನಾನು ಒದ್ದಾಡುತ್ತಿದ್ದರೆ ಅವಳೇ, "ಗಾಜು ಎಲ್ಲಿಗೂ ಓಡಿಹೋಗಲ್ಲ ಬಿಡಕ್ಕ. ಖಾಲಿ ಮನ್ಯಾಗೆ ಏನು ಕಾಣ್ತೈತಿ ಅಂತ ಈಗ ಗೊತ್ತಾತು," ಎಂದಳು. ಈಗ ನನ್ನ ಪಕ್ಕದಲ್ಲೇ ಕೂತು ಚುರುಮುರಿ ತಿನ್ನುತ್ತಿದ್ದಾಳೆ, ನಿನಗೆ ಸಲಾಂ ಹೇಳಬೇಕಂತೆ.

ಇನ್ನು ನಿನ್ನ ವಿಷಯ. ಐದರಲ್ಲಿ ಯಾವುದು ಲಾಭ ಎಂದು ತಲೆ ಕೆಡಿಸಿಕೊಳ್ಳಬೇಡ. ಯಾವ ಕೊಳೆಯ ಮುಂದೆ ಕೂತರೆ ನಿನಗೆ ಬೇಸರ ಬರುವುದಿಲ್ಲವೋ ಅದನ್ನು ಆರಿಸು. ಮುಂದಿನದನ್ನು ಮೆಲ್ಲಗೆ ಬರೆಯುತ್ತೇನೆ, ಮಸಿಯವರ ಕಣ್ಣಿಗೆ ಬೀಳದಿರಲಿ. ಮೊದಲ ದಿನದ ಕೆಲಸದಲ್ಲಿ, ಅದು ನೆಲವೋ ಗೋಡೆಯೋ ತೊಟ್ಟಿಯೋ ಹೇಳಲಾರೆ, ಒಂದು ಮೂಲೆಯಲ್ಲಿ ಒಂದು ಗೇಣು ಒರೆಸಲು ಮರೆಯುತ್ತೀಯ. ಬಸ್‌ಸ್ಟಾಂಡಿಗೆ ಬಂದು ಕೂತ ಮೇಲೆ ಅದು ನೆನಪಾಗುತ್ತದೆ. ಮೊದಲ ದಿನವೇ ಮಾನ ಹೋಯಿತು, ಓಡಿಹೋಗಿ ಒರೆಸಿ ಬರಬೇಕು ಎಂದು ಎರಡು ಸಲ ಎದ್ದು ನಿಲ್ಲುತ್ತೀಯ. ಎರಡು ಹೆಜ್ಜೆ ಇಡುವಷ್ಟರಲ್ಲಿ ಎಡಗಾಲಿನ ಚಪ್ಪಲಿಯ ಉಂಗುಷ್ಟ ಕಿತ್ತುಬರುತ್ತದೆ. ಕಾದ ಟಾರಿನ ಮೇಲೆ ಬರಿಗಾಲಲ್ಲಿ ಹೋಗಲಾಗದೆ ಅಳುತ್ತ ಬಸ್ಸು ಹತ್ತುತ್ತೀಯ. ಮರುದಿನ ಆ ಮನೆಯಾಕೆ ಆ ಗೇಣಿನ ಮೇಲೆ ಕೈ ಇಟ್ಟು, ಮೊದಲು ಹೇಗಿತ್ತು, ಈಗ ಹೇಗಾಯಿತು ನೋಡಿ ಎಂದು ನೆರೆಮನೆಯವರನ್ನು ಕರೆಯುತ್ತಾಳೆ. ಆಮೇಲಿನದಕ್ಕೆ ಖಂಡಿತ ಮಸಿ ಬೀಳುತ್ತದೆ, ಬರೆಯುವುದಿಲ್ಲ. ಇದನ್ನು ನೀನು ನಿನ್ನ ಮಗಳಿಗೆ ಹೇಳಿ, ಅವಳು ಅವಳ ಮಗಳಿಗೆ ಹೇಳಿ, ಹೀಗೇ ಇಳಿದು ಬಂದು, ನಮ್ಮ ಅಮ್ಮ ನನಗೆ ನೂರು ಸಲ ಹೇಳಿ ಹೇಳಿ ಬಾಯಿಪಾಠವಾಗಿದೆ.

ಹಾಲಮ್ಮನ ಮನೆಯಿಂದ ಬಂದವಳೇ ನಿನ್ನ ಹಾಳೆ ತೆಗೆದು ನೋಡಿದೆ. ಆ ಆರನೆಯ ಸಾಲು ಕಂಡಿತು. ನೀನು ಹೇಳಿ ಕೇಳಿ ಅಚ್ಚುಕಟ್ಟಿನ ಹೆಂಗಸು, ಬರೆದಿಟ್ಟದ್ದನ್ನು ಮಾಡದೆ ಬಿಡುವವಳಲ್ಲ. ಕೂಡಲೇ ಓಲೆಮನೆಗೆ ಓಡಿಹೋಗಿ, ನನ್ನ ಒಂದೇ ಒಂದು ಹಿಂದೋಲೆಯನ್ನು ಈಗಲೇ ಕೊಡಿ ಎಂದು ಕೇಳಿ ತಂದೆ.

ಅಜ್ಜಿ, ನಿನ್ನ ಕೆಲಸವನ್ನು ನೀನೇ ಆರಿಸಿಕೋ, ನಾನು ಏನೂ ಹೇಳುವುದಿಲ್ಲ. ನಾಳೆ ಬೆಳಗ್ಗೆ ನಾನು ನನ್ನದನ್ನು ಸಭೆಯಲ್ಲಿ ಗಟ್ಟಿಯಾಗಿ ಹೇಳುತ್ತೇನೆ. ನೀನೂ ನಿನ್ನದನ್ನು ಯಾರಿಗೂ ಅಂಜದೆ ಗಟ್ಟಿಯಾಗಿ ಹೇಳು. ಕೈಮುಗಿದು ಕೇಳುವುದು ಇಷ್ಟೇ. ಚಪ್ಪಲಿ ಹೊಲಿಸಬೇಡ.

ನಿನ್ನ,
ತುಂಗವ್ವ