ದಪ್ಪ ಸ್ವರದ ಸೀಸನ್

ಫೆಬ್ರವರಿ 9, ಭಾನುವಾರ

ಮತ್ತೆ ಬಿಸಿನೀರು, ಜ್ಯೇಷ್ಠಮಧು, ಕುತ್ತಿಗೆಗೆ ಮಫ್ಲರ್. ಅಜ್ಜಾವರದ ಕಬಡ್ಡಿಗೆ ಕಾಮೆಂಟರಿ ಹೇಳಿ ಬಂದದ್ದು. ಸ್ವರ ಚೂರೂ ಬಿದ್ದಿಲ್ಲ. ಬೀಳುದೆಂತ, ವರ್ಷದಿಂದ ವರ್ಷಕ್ಕೆ ದಪ್ಪ ಆಗ್ತಾ ಉಂಟು. ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಲಾಟರಿ ಟಿಕೆಟ್ ಮಾರುವ ಕಾಲದಲ್ಲಿ ನನ್ನದು ಕೀರಲು ಸ್ವರ, ನಮ್ಮ ಕುಂಬ್ರದವರು ಪೀಪಿ ಅಂತಲೇ ಕರೀತಿದ್ದದ್ದು. ಅದೇ ಜನ ಈಗ ತ್ಯಾಂಪಣ್ಣನ ಮೈಕ್ ಇಲ್ಲದಿದ್ದರೆ ಮ್ಯಾಚಿಗೆ ಕಳೆ ಇಲ್ಲ ಅಂತಾರೆ. ದೇವರು ತಡವಾಗಿ ಕೊಟ್ಟ, ಬಡ್ಡಿ ಸೇರಿಸಿ ಕೊಟ್ಟ.

ಊರ್ಮಿಳಾ ಸಾಬೂನು ಹಚ್ಚಿ ನನ್ನ ಮದುವೆ ಉಂಗುರ ಎಳೆದಳು. ಬರಲಿಲ್ಲ. ಆಚಾರಿಯ ಹತ್ತಿರ ಕತ್ತರಿಸಿಯೇ ತೆಗೆಸಬೇಕಂತೆ. ಚಪ್ಪಲಿಯೂ ಎಂಟು ಹೋಗಿ ಹತ್ತು.

"ನಲ್ವತ್ತಾರರಲ್ಲಿ ಬೆಳೆಯುದು ಈ ತಾಲೂಕಲ್ಲಿ ನೀವೊಬ್ಬರೇ," ಅಂದಳು.

ಏಳಿಗೆ ಮಾರಾಯ್ತಿ, ಅಂದೆ.

ಫೆಬ್ರವರಿ 23

ಕಡಬದಲ್ಲಿ ಮರ್ಯಾದೆ ಹೋಯ್ತು.

ರೈಡರ್ ಔಟ್ ಅಂತ ಮೈಕಿನಲ್ಲಿ ಕೂಗಿದೆ. ಅವ ಎಡ ಮೂಲೆಯವನನ್ನು ಮುಟ್ಟಿ ಆರಾಮಾಗಿ ವಾಪಸ್ ಬಂದಿದ್ದ! ಸ್ವಲ್ಪ ಹೊತ್ತಿಗೆ ಬಲಗಡೆ ಅದೇ ಕಥೆ. ಕ್ಯಾಪ್ಟನ್ ಮೇಜಿನ ಹತ್ತಿರ ಬಂದು, ಯಾರ ಕಡೆಯಿಂದ ಎಷ್ಟು ತಗೊಂಡಿದ್ದೀರಿ ಅಂತ ಕೇಳಿದ. ಮೂಲೆಗೆ ಲೈಟ್ ಸಾಲದು ಅಂತ ಮೊಯ್ದೀನನ ಮೇಲೆ ಹಾಕಿದೆ. ಮೊಯ್ದೀನ್ ಅಂದರೆ ಮೈಕ್‌ಸೆಟ್ಟಿನವ, ನನ್ನ ಹಳೇ ಜೋಡಿ. ಸಿಟ್ಟು ಮಾಡಲಿಲ್ಲ. ವಯರ್ ಸುತ್ತುತ್ತಾ, "ಲೈಟ್ ಸರಿ ಉಂಟು ತ್ಯಾಂಪಣ್ಣ. ಕಣ್ಣು ಒಮ್ಮೆ ತೋರಿಸಿ," ಅಂದ.

ಬರುವಾಗ ಸ್ಕೂಟರಿನ ಕನ್ನಡಿ ಗೇಟಿಗೆ ತಾಗಿ ಹೋಯ್ತು. ನಮ್ಮದೇ ಗೇಟು.

ಮಾರ್ಚ್ 3, ಸೋಮವಾರ

ಕನ್ನಡಕಕ್ಕೆ ಅಂತ ಪುತ್ತೂರಿಗೆ ಹೋದದ್ದು. ಕಣ್ಣಿನ ಡಾಕ್ಟರ್ ಎದುರು ಕೂರಿಸಿ, ನನ್ನ ಮೂಗನ್ನೇ ನೋಡಿ, ಬದಿಯಲ್ಲಿ ಬೆರಳು ಆಡಿಸುವಾಗ ಹೇಳಿ ಅಂದರು. ಕೂತೆ. ಕೂತೇ ಇದ್ದೆ.

"ಯಾವಾಗ ಸುರು ಮಾಡುದು ಡಾಕ್ಟ್ರೇ?"

ಅವರು ಆಗಲೇ ಆಡಿಸ್ತಾ ಇದ್ದರಂತೆ. ಎರಡೂ ಕೈ. ಊರ್ಮಿಳಾ ನನ್ನ ಭುಜ ಹಿಡಿದಳು.

ನಡುವೆ ಎಲ್ಲ ಕಾಣ್ತದೆ, ಎರಡು ಬದಿ ಇಲ್ಲ. ಇಲ್ಲ ಅಂತ ನನಗೇ ಗೊತ್ತಿಲ್ಲ! ಕನ್ನಡಕ ಬರೆಯಲಿಲ್ಲ. ತಲೆಯ ಎಂಆರ್‌ಐ ಬರೆದರು.

ಮಾರ್ಚ್ 12

ಮಂಗಳೂರು. ಹಾರ್ಮೋನಿನ ಡಾಕ್ಟರ್, ಬೆಂಗಳೂರಿನವರು. ಸ್ಕ್ಯಾನ್ ಆಮೇಲೆ ನೋಡಿದ್ದು. ಮೊದಲು ನನ್ನ ಕೈ ಹಿಡಿದು ತಿರುಗಿಸಿದರು. ಹಳೇ ಫೋಟೋ ಇದೆಯಾ ಅಂತ ಕೇಳಿದರು. ಊರ್ಮಿಳಾ ಮೊಬೈಲಿನಲ್ಲಿ ಮದುವೆ ಫೋಟೋ ತೆಗೆದು ಕೊಟ್ಟಳು. ದೊಡ್ಡದು ಮಾಡಿ ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದರು. ನಾನೂ ನೋಡಿದೆ. ಆ ಹುಡುಗನ ದವಡೆ ಬೇರೆ, ಮೂಗು ಬೇರೆ, ಹುಬ್ಬಿನ ಎಲುಬು ಬೇರೆ. ದಿನಾ ಗಡ್ಡ ಬೋಳಿಸುವ ಮುಖ… ನನಗೆ ಗೊತ್ತೇ ಆಗಲಿಲ್ಲ.

ಮೆದುಳಿನ ಅಡಿಯಲ್ಲಿ ಪಿಟ್ಯುಟರಿ ಅಂತ ಗ್ರಂಥಿ. ಕಡಲೆಯಷ್ಟು. ಬೆಳೆಯಲು ಹೇಳುವ ಹಾರ್ಮೋನು ಅದರದ್ದು. ಅದರಲ್ಲಿ ಗಡ್ಡೆ, ಲಿಂಬೆಯಷ್ಟು ಆಗಿದೆ. ವರ್ಷಗಟ್ಟಲೆ ಬೆಳೆ ಬೆಳೆ ಅಂತ ಹೇಳ್ತಾ ಬಂದಿದೆ. ಈಗ ಮೇಲೆ ಎದ್ದು ಕಣ್ಣಿನ ನರ ಒತ್ತುತ್ತಾ ಉಂಟು. ಕೈಕಾಲು, ನಾಲಗೆ, ಗೊರಕೆ, ಬೆವರು, ನನ್ನ ಶುಗರ್ ಕೂಡ, ಎಲ್ಲ ಒಂದೇ ಖಾತೆ.

ಹೆದರಿಕೆ ಮುಚ್ಚಲಿಕ್ಕೆ ನನ್ನ ಕಸುಬಿನ ವಿಷಯ ತೆಗೆದೆ. ಸ್ವರದ ಹೊಗಳಿಕೆ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು.

"ಅದೂ ಇದರದ್ದೇ," ಅಂದರು.

ಅದೇ ದಿನ, ಸಂಜೆ

ಉಳಿದದ್ದನ್ನೂ ಬರೆಯುದು.

ಆಪರೇಷನ್ ಮೂಗಿನ ಒಳಗಿಂದ. ಆಮೇಲೆ ಊತ ಇಳೀತದೆ, ಸ್ವರವೂ ಸ್ವಲ್ಪ ತೆಳ್ಳಗೆ ಆದೀತು. ಎಷ್ಟು ಅಂತ ಕೇಳಿದೆ. ಹೇಳಲಿಕ್ಕೆ ಆಗುದಿಲ್ಲವಂತೆ.

ಇಷ್ಟು ವರ್ಷ ಲಾಭ ಅಂತ ಬರೆದದ್ದು… ರೋಗ. ಚಪ್ಪಾಳೆ ತಟ್ಟಿದ್ದು ಗಡ್ಡೆಗೆ.

ಮಾರ್ಚ್ 20

ಡಾಕ್ಟರರ ಹತ್ತಿರ ಚೌಕಾಸಿ. ಈ ತಿಂಗಳೇ ಬನ್ನಿ ಅಂದರು. ಪತ್ತನಾಜೆ ಮುಗಿಯಲಿ ಅಂದೆ. ಎಂತ ಅದು ಅಂತ ಅವರಿಗೆ ಗೊತ್ತಿಲ್ಲ. ಹೇಳಿದೆ. ಮೇ ಕೊನೆಗೆ ಬರುವ ದಿನ, ಅಂದಿಗೆ ತುಳುನಾಡಿನಲ್ಲಿ ಭೂತಕೋಲ, ಯಕ್ಷಗಾನ ಆಟ, ಜಾತ್ರೆ ಎಲ್ಲದಕ್ಕೂ ಬಾಗಿಲು ಹಾಕುದು. ಗೆಜ್ಜೆ ಬಿಚ್ಚುವ ದಿನ. ಯಕ್ಷಗಾನದ ವೇಷದವರೂ ಕಾಲುನೋವು, ಹರ್ನಿಯಾ ಎಲ್ಲ ಅದರ ಆಚೆಗೇ ಇಡುದು. ನಾನೂ ಹಾಗೆಯೇ. ಮಾತು ಕೊಟ್ಟ ಮ್ಯಾಚ್ ಉಂಟು, ಈ ಸ್ವರದಲ್ಲಿಯೇ ಮುಗಿಸಿ ಬರ್ತೇನೆ.

"ನಿಮ್ಮ ಗಡ್ಡೆಗೆ ಪತ್ತನಾಜೆ ಗೊತ್ತಿಲ್ಲ," ಅಂದರು.

ಕುಂಬ್ರದಲ್ಲಿ ಬಸ್ಸಿನಿಂದ ಇಳಿದ ಮೇಲೆ ಊರ್ಮಿಳಾ ಹೇಳಿದಳು: "ಕಣ್ಣು ಹೋದರೆ ಕೈ ಹಿಡಿದು ನಡೆಸುವವಳು ನಾನು. ನನ್ನನ್ನು ಒಂದು ಮಾತು ಕೇಳಬಹುದಿತ್ತು." ಮೈಕ್ ಇಲ್ಲದೆ ಉತ್ತರ ಹುಡುಕುದು ನನಗೆ ಅಭ್ಯಾಸ ಇಲ್ಲ.

ಏಪ್ರಿಲ್ 6

ಉಪಾಯ ಮಾಡಿದ್ದೇವೆ. ಮೇಜಿನ ಅಡಿಯಲ್ಲಿ ಮೊಯ್ದೀನನ ಕೈ. ಎಡ ಮೂಲೆಯಲ್ಲಿ ಟಚ್ ಆದರೆ ನನ್ನ ಎಡ ಮೊಣಕಾಲಿಗೆ ತಟ್ಟುದು, ಬಲವಾದರೆ ಬಲಕ್ಕೆ. ಸುಳ್ಯದ ಮ್ಯಾಚ್ ಒಂದೂ ತಪ್ಪಿಲ್ಲದೆ ಹೋಯ್ತು. ಅವನಿಗೆ ಇಷ್ಟ ಇಲ್ಲ. ನಿಮ್ಮ ಹೆಂಡತಿಗೆ ನಾನು ಯಾವ ಮುಖದಲ್ಲಿ ಉತ್ತರ ಹೇಳುದು ಅಂತ ಕೇಳ್ತಾನೆ.

ತಲೆನೋವು ಹೆಚ್ಚು. ಮಾತ್ರೆಗೆ ಬಗ್ಗುದಿಲ್ಲ.

ಏಪ್ರಿಲ್ 26, ಶನಿವಾರ, ಮಧ್ಯಾಹ್ನ

ಮಂಡೆಕೋಲಿಗೆ ಹೊರಟೆ. ಹರಿಪ್ರಸಾದನ ಟೂರ್ನಮೆಂಟ್. ಅವನಿಗೆ ಸುರುವಿನ ವರ್ಷದಿಂದ ನಾನೇ ಆಗಬೇಕು. ತಲೆ ಸಿಡೀತಾ ಉಂಟು, ಮೈಕ್ ಹಿಡಿದರೆ ಸರಿ ಆದೀತು

ಮೇ 14

ಗೆರೆ ಸೊಟ್ಟ ಹೋಗ್ತದೆ ಅಂತಾಳೆ ಊರ್ಮಿಳಾ. ಹೋಗಲಿ.

ಮಂಡೆಕೋಲಿನಲ್ಲಿ ಆದದ್ದು. ಸೆಮಿಫೈನಲ್, ರೈಡ್ ನಡೀತಾ ಉಂಟು. ತಲೆಯೊಳಗೆ ಎಂತದೋ ಒಡೆಯಿತು. ಪರದೆ ಬಿದ್ದ ಹಾಗೆ ಕತ್ತಲು. ಕರೆಂಟ್ ಹೋಯ್ತು ಅಂದುಕೊಂಡೆ. ಕರೆಂಟ್ ಹೋದರೆ ಮಾತು ನಿಲ್ಲಿಸಬಾರದು, ಜನ ಎದ್ದು ಹೋಗ್ತಾರೆ. ಹಾಗೆ ಹೇಳ್ತಾ ಹೋದೆ. ಒಳಗೆ ನುಗ್ಗಿದ, ಬಲಕ್ಕೆ ಹೊರಳಿದ, ಬೋನಸ್, ಹಿಡಿದರು, ಬಿಡಿಸಿಕೊಂಡ… ನನ್ನ ಸ್ವರ ದೊಡ್ಡದಾಗಿ ಕೇಳ್ತಾ ಇತ್ತು. ಕರೆಂಟ್ ಇಲ್ಲದೆ ಮೈಕ್ ಹೇಗೆ ಕೇಳ್ತದೆ ಅಂತ ಆಗ ಹೊಳೆಯಿತು.

ರೈಡ್ ಯಾವಾಗಲೋ ಮುಗಿದಿತ್ತಂತೆ. ಹದಿನಾಲ್ಕೂ ಜನ ಅಂಕಣದಲ್ಲಿ ನಿಂತು ನನ್ನನ್ನೇ ನೋಡ್ತಾ ಇದ್ದರಂತೆ. ಇಲ್ಲದ ಆಟ ಹೇಳ್ತಾ ಇದ್ದೇನೆ. ಮೊಯ್ದೀನ್ ಸ್ವಿಚ್ ಆಫ್ ಮಾಡಿ, "ತ್ಯಾಂಪಣ್ಣ, ಸಾಕು," ಅಂದ. ಮುಖ ಮುಟ್ಟಿ ನೋಡಿದರೆ ಅವ ಅಳ್ತಾ ಇದ್ದ.

ಗಡ್ಡೆಯೊಳಗೆ ರಕ್ತನಾಳ ಒಡೆದದ್ದು. ಆಂಬ್ಯುಲೆನ್ಸಿನಲ್ಲಿ ಮಂಗಳೂರು, ಮರುದಿನವೇ ಆಪರೇಷನ್. ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ಒಳ್ಳೇದಿತ್ತು. ಬಲಗಣ್ಣು ಬಂತು. ಎಡದಲ್ಲಿ ಹೊಗೆ ಮಾತ್ರ, ಅದು ಇನ್ನು ಅಷ್ಟೇ ಅಂತೆ. ಗ್ರಂಥಿಯೂ ಸೊರಗಿದೆ, ಬೆಳಿಗ್ಗೆ ಸಂಜೆ ಸ್ಟಿರಾಯ್ಡ್ ಮಾತ್ರೆ, ಒಂದು ಹೊತ್ತೂ ತಪ್ಪಿಸಬಾರದು. ಮೂಗು ಸೀಟಬಾರದು, ಬಗ್ಗಬಾರದು. ಇಷ್ಟು ದಿನ ಮಾತೂ ಕಡಿಮೆ. ಸನ್ನೆಯಲ್ಲೇ ನಡೆದದ್ದು.

ಮೂಗಿಗೆ ತುರುಕಿದ ಬಟ್ಟೆ ತೆಗೆಯುವವರೆಗೆ ಊರ್ಮಿಳಾ ಮಂಚದ ಬದಿಯಿಂದ ಏಳಲಿಲ್ಲ. ಅವಳನ್ನು ಕೇಳಬಹುದಿತ್ತು.

ಮೇ 19, ಬೆಳಿಗ್ಗೆ

ಇವತ್ತು ಸರಿಯಾಗಿ ಮಾತಾಡಿ ನೋಡಿದೆ. ಬಚ್ಚಲಿನಲ್ಲಿ, ಬಾಗಿಲು ಹಾಕಿ. "ಕ್ರೀಡಾಭಿಮಾನಿಗಳೇ" ಅಂದೆ. ಯಾರೋ ಬೇರೆಯವರು ಹೇಳಿದ ಹಾಗೆ. ತೆಳ್ಳಗೆ, ಮೂಗಿನಿಂದ. ಗಂಟಲಿಗೆ ಕೊಳವೆ ಹಾಕಿದ್ದು, ಒಳಗೆ ಗಾಯ, ನಿಧಾನಕ್ಕೆ ನೋಡುವ ಅಂತ ಡಾಕ್ಟರ್ ಹೇಳಿದ್ದರು.

ಈಗ ಹರಿಪ್ರಸಾದನ ಫೋನ್. ನಾನೇ ತೆಗೆದೆ, ಹಲೋ, ಹೇಳು ಮಾರಾಯ ಅಂದೆ. ಅವ ಬಹಳ ಮರ್ಯಾದೆಯಿಂದ ಕೇಳಿದ:

"ತ್ಯಾಂಪಣ್ಣ ಇದ್ದಾರಾ? ಈಗ ಹುಷಾರಾದರಾ? ಮುಂದಿನ ವರ್ಷದ ಡೇಟಿಗೆ. ಅವರಿಗೆ ಒಮ್ಮೆ ಕೊಡ್ತೀರಾ?"

ಒಂದು ನಿಮಿಷ, ಅಂದೆ.

ಫೋನ್ ಈ ಪುಸ್ತಕದ ಬದಿಯಲ್ಲೇ ಉಂಟು. ಕಟ್ ಆಗಿಲ್ಲ. ಕಾಯ್ತಾ ಇದ್ದಾನೆ, ಕೆಮ್ಮಿದ್ದು ಕೇಳ್ತದೆ. ಊರ್ಮಿಳಾ ಬಾಗಿಲಲ್ಲಿ ನಿಂತು ನೋಡ್ತಾ ಇದ್ದಾಳೆ. ನಾನು ಹೇಳುದಾ ಅಂತ ಸನ್ನೆ ಮಾಡಿದಳು. ಬೇಡ ಅಂದೆ. ಎತ್ತಿಕೊಳ್ತೇನೆ. ನಾನೇ, ಇದೇ ಸ್ವರ ಅಂತ