ಒಂದು ಬಟ್ಟಲು ಸೋಯಾ ಕಾಳು

ನವೆಂಬರ್ ೯, ಭಾನುವಾರ

ಪ್ರೀತಿಯ ಚೂಟಿ,

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಎರಡು ಸಲ ಉತ್ತರ ಬರೆಯಲು ಕುಳಿತೆ. ಎರಡು ಸಲವೂ ಕ್ಷೇಮಸಮಾಚಾರದ ಸಾಲು ದಾಟಲಾಗದೆ ಎದ್ದೆ. ಕ್ಷಮಿಸು. ನಿನ್ನ ಅತ್ತಿಗೆಯ ಮಂಡಿನೋವು ಹಾಗೆಯೇ ಇದೆ. ನನ್ನ ಕೆಮ್ಮೂ ಅದಕ್ಕೆ ಜೊತೆ ಕೊಡುತ್ತಿದೆ.

ಆರುನೂರು ಕೋಳಿಮರಿಗಳಲ್ಲಿ ಇನ್ನೂರು ಸತ್ತವು, ಉಳಿದವು ಮೂರು ವಾರವಾದರೂ ಮುಷ್ಟಿಗಿಂತ ದೊಡ್ಡವಾಗಲಿಲ್ಲ ಎಂದು ಬರೆದಿದ್ದೀಯ. ಮೇವಿಗೆ ಸೋಯಾ ಹಿಂಡಿ ಕಡಿಮೆ ಬಿದ್ದ ಒಂದು ದಿನ ನೀನು ಒಂದು ಬಟ್ಟಲು ಸೋಯಾ ಕಾಳನ್ನು ಹಸಿಯಾಗಿಯೇ ಬೀಸಿ ಬೆರೆಸಿದ್ದನ್ನು ನಿನ್ನ ಅತ್ತೆ ನೋಡಿದ್ದರಂತೆ. "ಓದಿದವಳು ಅಂತ ಕೋಳಿಮನೆ ಕೈಗೆ ಕೊಟ್ರೆ, ಮರಿಗಳ ಬಾಯಿಗೇ ಮಣ್ಣು ಹಾಕಿದ್ಲು" ಎಂದು ಬೀದಿಗೆಲ್ಲ ಹೇಳಿ, ಬೀಗದಕೈ ಕಿತ್ತುಕೊಂಡರಂತೆ. "ಕಾಳೂ ಹಿಂಡಿಯೂ ಒಂದೇ ಗಿಡದ್ದಲ್ವಾ ಅಣ್ಣಾ?" ಎಂದು ಕೇಳಿದ್ದೀಯ.

ಒಂದೇ ಗಿಡದ್ದು, ಆದರೆ ಒಂದೇ ಅಲ್ಲ. ಕಾಳು ಹೊಲದಿಂದ ಬಂದದ್ದು ಬಂದ ಹಾಗೆ. ಅದನ್ನು ಬಿತ್ತಬಹುದು, ನೆನೆಸಿ ಬೇಯಿಸಿ ತಿನ್ನಬಹುದು, ಹಾಲು ತೆಗೆಯಬಹುದು. ನಮ್ಮ ಕಾರ್ಖಾನೆಯಲ್ಲಿ ಅದನ್ನು ಒಡೆದು, ಸಿಪ್ಪೆ ಹಾರಿಸಿ, ಅವಲಕ್ಕಿಯಂತೆ ತೆಳ್ಳಗೆ ಒತ್ತಿ, ದ್ರಾವಕದಲ್ಲಿ ತೊಳೆದು ಎಣ್ಣೆ ಎಳೆಯುತ್ತೇವೆ. ನೂರು ಕಿಲೋಗೆ ಎಣ್ಣೆ ಹದಿನೆಂಟರ ಆಸುಪಾಸು. ಉಳಿದದ್ದರಲ್ಲಿ ಹೆಚ್ಚಿನದು ಹಿಂಡಿ. ಅದನ್ನು ಹಬೆಯಲ್ಲಿ ಚೆನ್ನಾಗಿ ಬೇಯಿಸಿ, ಒಣಗಿಸಿ, ಪುಡಿಮಾಡುತ್ತೇವೆ. ಹಸಿ ಕಾಳಿನಲ್ಲಿ ಮರಿಗಳ ಜೀರ್ಣಶಕ್ತಿಯನ್ನೇ ಕಟ್ಟಿಹಾಕುವ ಅಂಶವೊಂದಿದೆ. ಶಾಖಕ್ಕೆ ಮಾತ್ರ ಅದು ಸಾಯುತ್ತದೆ. ಬೆಂದ ಹಿಂಡಿ ಕೋಳಿ, ಹಂದಿ, ಹಸುಗಳ ಮೈಗೆ ಹಿಡಿಯುತ್ತದೆ. ನಮ್ಮ ಬಾಯ್ಲರಿನವನು ಹೇಳುವುದುಂಟು: "ಎಣ್ಣೆ ಸಾಹೇಬರಿಗೆ, ಹಿಂಡಿ ಕೋಳಿಗೆ, ಹೊಗೆ ನಮಗೆ."

ನಗು ಬರಲಿಲ್ಲ ಅಲ್ಲವೇ? ನನಗೂ ಈಚೆಗೆ ಬರುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಮಗುವಿಗೆ ಮಾವನ ಮುತ್ತುಗಳು. ನೀನು ತಲೆಯೆತ್ತಿ ಬಾಳಬೇಕು, ಅಷ್ಟೇ ನನ್ನ ಹಾರೈಕೆ.

ನಿನ್ನ
ಅಣ್ಣ

ತಾ.ಕ.: ಒಂದು ದಿನದ ಒಂದು ಬಟ್ಟಲು ಕಾಳು ಆರುನೂರು ಮರಿಗಳನ್ನು ಹೀಗೆ ಮಾಡಲಾರದು. ಹಿಂಡಿ ಚೀಲದ ಮೇಲಿನ ಸಂಖ್ಯೆ ಬರೆದು ಕಳಿಸಿದ್ದೆಯಲ್ಲ, ಆ ಹಿಂಡಿ ನಮ್ಮಲ್ಲಿಂದ ಹೋದದ್ದು. ಅದು ತಯಾರಾದ ದಿನ ಬಾಯ್ಲರಿನವನು, "ಸಾರ್, ಹಬೆ ಏರ್ತಾನೇ ಇಲ್ಲ, ಇವತ್ತಿನ ಮಾಲು ನಂಬಬೇಡಿ" ಎಂದಿದ್ದ. ಮಾಲು ಹೊರಡುವ ಮುನ್ನ ಪರೀಕ್ಷಿಸಿ ಸಹಿ ಹಾಕುವುದು ನನ್ನ ಕೆಲಸ. ಹಿಂಡಿಯನ್ನು ತಟ್ಟೆಯಲ್ಲಿ ಹರಡಿ, ಮೇಲೆ ಪರೀಕ್ಷೆಯ ದ್ರವ ಸುರಿದು ಐದು ನಿಮಿಷ ಕಾಯಬೇಕು, ಬೇಯದಿದ್ದರೆ ಕೆಂಪಾಗುತ್ತದೆ. ಲಾರಿಯವನು ಹಾರನ್ ಒತ್ತುತ್ತಲೇ ಇದ್ದ. ನಾನು ಎರಡನೇ ನಿಮಿಷಕ್ಕೇ ಸಹಿ ಹಾಕಿಕೊಟ್ಟೆ. ಅವನನ್ನು ಕಳಿಸಿ ಬಂದು ನೋಡಿದರೆ ತಟ್ಟೆಯೆಲ್ಲ ಕೆಂಪು. ತೊಳೆದಿಟ್ಟೆ. ಯಾರಿಗೂ ಹೇಳಲಿಲ್ಲ.

ಈ ಕಾಗದವನ್ನು ನಿನ್ನ ಅತ್ತೆಯ ಮುಂದೆ ಗಟ್ಟಿಯಾಗಿ ಓದು. ಇದರದೇ ಒಂದು ಪ್ರತಿಯನ್ನು ನಾಳೆ ಮ್ಯಾನೇಜರ್ ಕೈಗೆ ಕೊಡುತ್ತೇನೆ.

ನಿನ್ನ ಕಾಗದ ಬಂದ ಮೇಲೆ ಫೋನಿನಲ್ಲಿ ನೀನು, "ನಾನೇ ಕೊಂದೆನಾ ಅಣ್ಣಾ?" ಎಂದು ಅತ್ತಾಗ ನನಗೆ ಇದೆಲ್ಲ ಗೊತ್ತಿತ್ತು. ಆದರೂ, "ಹೋಗ್ಲಿ ಬಿಡು, ತಪ್ಪು ಎಲ್ಲರಿಂದಲೂ ಆಗುತ್ತೆ" ಎಂದು ನಿನ್ನನ್ನೇ ಸಮಾಧಾನಪಡಿಸಿದೆ.